ಹಳೇ ಬುಲೆಟ್, ಎರಡನೇ ಗೇರ್ ಬಿಡುತ್ತಿದೆ: ಮನೆಯಲ್ಲೇ ಬಿಚ್ಚಿದವರು ಯಾರಾದರೂ ಇದ್ದೀರಾ?

ತಿಪಟೂರಿನಿಂದ, ಪ್ರಶ್ನೆ

ನಮ್ಮ ಸೋದರಮಾವ ಓಡಿಸುತ್ತಿದ್ದ 1987ರ ಬುಲೆಟ್ 350 ಈಗ ನನ್ನ ಹತ್ತಿರ ಇದೆ. ಬಲಗಾಲಿನ ಗೇರ್, ಒಂದು ಮೇಲೆ, ಮೂರು ಕೆಳಗೆ. ಏರು ಹತ್ತುವಾಗ ಎರಡನೇ ಗೇರಲ್ಲಿ ಸ್ವಲ್ಪ ಎಳೆದರೆ ಟಕ್ ಅಂತ ಬಿಟ್ಟುಬಿಡುತ್ತೆ, ಇಂಜಿನ್ ಸುಮ್ಮನೆ ಅರಚಿಕೊಳ್ಳುತ್ತೆ. ಎರಡಕ್ಕೂ ಮೂರಕ್ಕೂ ನಡುವೆ ಯಾವ ಗೇರೂ ಹಿಡಿಯದ ಫಾಲ್ಸ್ ನ್ಯೂಟ್ರಲ್ ಬೇರೆ. ನಿಲ್ಲಿಸಿದ ಜಾಗದಲ್ಲಿ ಎಡಗಡೆ ಎಣ್ಣೆ ತೊಟ್ಟು. ಇಲ್ಲಿ ಒಬ್ಬ ಮೆಕ್ಯಾನಿಕ್ ಗಾಡಿಯ ಮೇಲೆ ಕೂರದೆಯೇ "ಗೇರ್ ಬಾಕ್ಸ್ ಹೋಗಿದೆ, ಫುಲ್ ಸೆಟ್ ಹಾಕಬೇಕು" ಅಂದರು. ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ, ಕ್ಲಚ್ ಪ್ಲೇಟ್ ಒಂದು ಸಲ ನಾನೇ ಬದಲಿಸಿದ್ದೀನಿ. ಗೇರ್ ಬಾಕ್ಸ್ ಮಾತ್ರ ಮುಟ್ಟಿಲ್ಲ. ಅನುಭವ ಇದ್ದವರು ಹೇಳಿ.

ಸಕಲೇಶಪುರದಿಂದ

ಬಿಚ್ಚಬಹುದು. ಆದರೆ ಈ ವಾರ ಬಿಚ್ಚಬೇಡಿ. ಯಾಕೆ ಅಂತ ನನ್ನ ಕಥೆಯಿಂದಲೇ ಹೇಳ್ತೀನಿ.

ನಮ್ಮ ಗಾಡಿಯದೂ ಇದೇ ರೋಗ, ಎರಡನೇ ಗೇರೇ. ತೋಟದ ರಸ್ತೆಯಲ್ಲಿ ಎರಡನೇ ಗೇರ್ ಬಿಟ್ಟರೆ ಹಿಂದಕ್ಕೇ ಜಾರಬೇಕು. ಧೈರ್ಯ ಮಾಡಿ ಬಿಚ್ಚಿದೆ, ಡಾಗ್ (ಒಂದು ಗೇರ್ ಪಕ್ಕದ ಗೇರನ್ನು ಹಿಡಿದುಕೊಳ್ಳುವ ದಪ್ಪ ಹಲ್ಲು) ಸವೆದಿತ್ತು, ಜೋಡಿ ಗೇರ್ ಹೊಸದು ಹಾಕಿದೆ, ಬೆಣ್ಣೆ ಹಾಗೆ ಬೀಳ್ತಿತ್ತು. ಎಂಟು ತಿಂಗಳಿಗೆ ಮತ್ತೆ ಟಕ್. ಮತ್ತೆ ಬಿಚ್ಚಿ ನೋಡಿದರೆ ಹೊಸ ಡಾಗಿನ ಅಂಚೂ ಉರುಟಾಗಿದೆ, ಹೊಸ ಸೋಪು ನಾಲ್ಕು ದಿನ ತಿಕ್ಕಿದ ಮೇಲೆ ಅಂಚು ಹೋಗುತ್ತಲ್ಲ, ಹಾಗೆ. ಆಗ ಅರ್ಥವಾಯಿತು: ಗೇರ್ ಸವೆದದ್ದರಿಂದ ಬಿಡುತ್ತಿರಲಿಲ್ಲ. ಮೊದಲಿನಿಂದಲೂ ಅರ್ಧವೇ ಕೂರುತ್ತಿತ್ತು, ಅರ್ಧ ಕೂತಿದ್ದಕ್ಕೇ ಸವೆಯಿತು. ನಾನು ಸವೆದದ್ದನ್ನು ಬದಲಿಸಿದೆ, ಸವೆಸಿದ್ದನ್ನು ಹಾಗೇ ಬಿಟ್ಟಿದ್ದೆ.

ಸವೆಸಿದ್ದು ಹೊರಗಿನ ಕವರಿನ ಒಳಗೆ ಇರುವ ರ‍್ಯಾಚೆಟ್ ಪ್ಲೇಟು. ಕಿಕ್ಕರ್, ಗೇರ್ ಪೆಡಲ್ಲು, ಚಿಕ್ಕ ನ್ಯೂಟ್ರಲ್ ಲಿವರು, ಕ್ಲಚ್ ಕೇಬಲ್ ತೆಗೆದರೆ ಬಲಗಡೆಯ ಹೊರಕವರ್ ಬರುತ್ತೆ. ಕಾಲಿನ ಒತ್ತು ಎಲ್ಲಿಗೆ ನಿಲ್ಲಬೇಕು ಅಂತ ನಿರ್ಧರಿಸುವ ಪ್ಲೇಟು ಅಲ್ಲೇ ಇದೆ. ಅದರ ತೂತುಗಳು ಉದ್ದುದ್ದ, ಎರಡು ಬೋಲ್ಟ್ ಸಡಿಲಿಸಿದರೆ ಪ್ಲೇಟು ಆಚೀಚೆ ಸರಿಯುತ್ತೆ. ಕೂದಲೆಳೆಯಷ್ಟು ಸರಿಸಿದರೂ ಮೇಲಿನ ಗೇರಿಗೆ ಕೊಟ್ಟದ್ದು ಕೆಳಗಿನ ಗೇರಿಂದ ಕಿತ್ತುಕೊಂಡ ಹಾಗೆ. ಹಾಗಾಗಿ ಎರಡೂ ಕಡೆ ನೋಡುತ್ತಾ ಸರಿಸಬೇಕು.

ಪರೀಕ್ಷೆ ಹೀಗೆ: ಇಂಜಿನ್ ಆಫ್, ಸೆಂಟರ್ ಸ್ಟ್ಯಾಂಡ್, ಒಬ್ಬರು ಹಿಂದಿನ ಚಕ್ರ ಕೈಯಲ್ಲಿ ನಿಧಾನ ತಿರುಗಿಸುತ್ತಿರಲಿ, ನೀವು ಪೆಡಲ್ ಕೈಯಿಂದ ಒತ್ತಿ. ಪೆಡಲ್ ನಿಂತ ಮೇಲೂ ಒಳಗಿನ ಲಿವರನ್ನು ಬೆರಳಲ್ಲಿ ತಳ್ಳಿದರೆ ಇನ್ನೊಂದು ಸಣ್ಣ 'ಕಟ್' ಕೇಳಿಸಿದರೆ ಗೇರ್ ಪೂರ್ತಿ ಕೂರುತ್ತಿಲ್ಲ ಅಂತಲೇ. ನಿಮ್ಮ ಫಾಲ್ಸ್ ನ್ಯೂಟ್ರಲ್ ಕಥೆ ಕೇಳಿದರೆ ಅಲ್ಲೇ ಏನೋ ಇದೆ ಅನ್ನಿಸುತ್ತೆ.

ಅದಕ್ಕೂ ಮೊದಲು ಕ್ಲಚ್ ನೋಡಿ. ಕೈ ಲಿವರಿನಲ್ಲಿ ಎರಡು ಮೂರು ಮಿಲಿಮೀಟರ್ ಆಟ ಇರಲಿ, ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರಿನ ಮೇಲೆ ಅಪವಾದ ಬರುತ್ತೆ. ಬೆಳಿಗ್ಗೆ ಪ್ಲೇಟುಗಳು ಒಂದಕ್ಕೊಂದು ಅಂಟಿರುತ್ತವೆ. ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ ಹಿಡಿದು ನಾಲ್ಕು ಕಿಕ್ ಹೊಡೆಯಿರಿ. ನಿಮ್ಮ ಮಾವನೂ ಹೊಡೀತಿದ್ದರು, ಕೇಳಿ ನೋಡಿ.

ಇದೆಲ್ಲ ಆದ ಮೇಲೂ ಏರಲ್ಲಿ ಬಿಟ್ಟರೆ ಆಗ ಬಿಚ್ಚೋಣ. ಎಣ್ಣೆ ಇಳಿಸುವಾಗ ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹಿಡಿದು, ಡೀಸೆಲ್ ಹಾಕಿ ತೆಳು ಮಾಡಿ, ಬಿಸಿಲಿಗೆ ಹಿಡಿಯಿರಿ. ಅಡಿಯಿಂದ ಅಯಸ್ಕಾಂತ ಆಡಿಸಿ. ಜೊತೆಗೆ ಬಂದ ಪುಡಿ ಗೇರಿನದು, ಬರದೆ ಹಳದಿ ಮಿರಮಿರ ಅಂತ ಉಳಿದದ್ದು ಬುಷ್ಷಿನದು, ಅಂದರೆ ಶಾಫ್ಟಿನ ತುದಿ ತಿರುಗುವ ಲೋಹದ ಬಳೆಯದು. ಬಿಚ್ಚುವ ಮುಂಚೆಯೇ ಅರ್ಧ ಉತ್ತರ ತಟ್ಟೆಯಲ್ಲಿರುತ್ತೆ.

ಮೈಸೂರಿನಿಂದ

ಮೇಲಿನವರು ಹೇಳಿದ್ದು ಸರಿ. ನನ್ನದು ಸ್ವಲ್ಪ ಹೆದರಿಸುವ ಮಾತು, ಬೇಜಾರು ಮಾಡ್ಕೋಬೇಡಿ.

ಈ ಬಾಕ್ಸಿನ ಅನುಕೂಲ ಏನಂದರೆ ಇಂಜಿನ್ ಕೇಸ್ ಸೀಳಬೇಕಿಲ್ಲ. ಗೇರ್ ಕೂತಿರುವ ಶಾಫ್ಟು ಎರಡು, ಮೇನ್ ಮತ್ತು ಲೇ. ಒಳಕವರ್ ತೆಗೆದರೆ ಲೇ ಶಾಫ್ಟು, ಅದರ ಗೇರು, ಗೇರ್ ಸರಿಸುವ ಫೋರ್ಕು ಬಲಗಡೆಯಿಂದಲೇ ಆಚೆ ಬರುತ್ತೆ. ಆದರೆ ಮೇನ್ ಶಾಫ್ಟ್ ಎಳೆಯಬೇಕು ಅಂದರೆ ಅದರ ಇನ್ನೊಂದು ತುದಿಯಲ್ಲಿ ಕ್ಲಚ್ ಕೂತಿದೆ. ಎಡಗಡೆ ಚೈನ್ ಕೇಸ್ ಬಿಚ್ಚಿ ಕ್ಲಚ್ ತೆಗೆಯಲೇಬೇಕು. ನಿಮ್ಮ ಎಡಗಡೆ ತೊಟ್ಟು ಚೈನ್ ಎಳೆಯುವ ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲಿನದಾದರೆ ಸ್ಪ್ರಾಕೆಟ್ಟೂ ಬಿಚ್ಚಬೇಕು. ಆ ದೊಡ್ಡ ನಟ್ಟಿಗೆ ಒಂದು ಸಣ್ಣ ಲಾಕ್ ಸ್ಕ್ರೂ ಇರುತ್ತೆ, ಅದನ್ನು ನೋಡದೆ ನಾನು ಪೈಪ್ ಹಾಕಿ ಎಳೆದು ನಟ್ಟಿನ ಥ್ರೆಡ್ಡಿನ ಎಳೆ ಕೆಡಿಸಿಕೊಂಡವನು. ಟಾರ್ಚ್ ಹಿಡಿದು ಎಳೆ ಯಾವ ಕಡೆಗೆ ತಿರುಗಿದೆ ಅಂತ ನೋಡಿದ ಮೇಲೇ ಬಲ ಹಾಕಿ.

ಇನ್ನೊಂದು, ಸ್ಪ್ಯಾನರ್. 1955ರಲ್ಲಿ ಮದ್ರಾಸಿಗೆ ಬಂದ ಗಾಡಿ ಇಂಗ್ಲೆಂಡಿನ ವಿನ್ಯಾಸದ್ದು, ಹಾಗಾಗಿ ಹಳೆ ಬುಲೆಟ್ಟಿನಲ್ಲಿ ಇಂಚಿನ ಅಳತೆಯ ನಟ್ಟು ಬೇಕಾದಷ್ಟು. ನಡುವೆ ಯಾವನೋ ಮಿಲಿಮೀಟರ್ ಬೋಲ್ಟೂ ತುರುಕಿರುತ್ತಾನೆ. ಪ್ರತಿ ನಟ್ಟಿಗೂ ಸ್ಪ್ಯಾನರ್ ಕೂರಿಸಿ ನೋಡಿ. ಸಡಿಲ ಇದ್ದರೆ ತಿರುಗಿಸಲೇಬೇಡಿ, ಮೂಲೆ ಹೋದರೆ ಆಮೇಲೆ ಉಳಿಯೇ ಗತಿ.

ಜಾಗ ಇಲ್ಲ, ಬೆಳಿಗ್ಗೆ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಬೇಕು ಅಂತಿದ್ದರೆ ಶುರು ಮಾಡಬೇಡಿ.

ಹುಬ್ಬಳ್ಳಿಯಿಂದ

ನಾನು ಲೇಥ್ ಇಟ್ಕೊಂಡಾಂವ್ರಿ. ಬುಲೆಟ್ ಬುಷ್ ತಗೊಂಡು ಬರಾವ್ರು ಬಾಳ ಮಂದಿ. ಬುಷ್ ಒಂದ ತರ್ತಾರ, ಶಾಫ್ಟ್ ಮನ್ಯಾಗ ಬಿಟ್ಟು ಬರ್ತಾರ. ಶಾಫ್ಟ್ ಇಲ್ಲದ ಬುಷ್ ಅಂದ್ರ ಕಾಲು ಇಲ್ಲದ ಬೂಟಿನ ಅಳತಿ ತಗೊಂಡಂಗ. ಲೇ ಶಾಫ್ಟಿನ ಬಲಗಡೆ ತುದಿ ಕಿಕ್ಕರ್ ಶಾಫ್ಟಿನ ಒಳಗಿನ ಬುಷ್‌ನ್ಯಾಗ ತಿರಗತೈತಿ, ಇನ್ನೊಂದು ತುದಿ ಬಾಕ್ಸಿನ ಬುಷ್‌ನ್ಯಾಗ. ಇವು ಸವದ್ರ ಶಾಫ್ಟ್ ಓಲಾಡತೈತಿ, ಏರಿನ್ಯಾಗ ಭಾರ ಬಿದ್ದ ಕೂಡ್ಲೆ ಗೇರ್ ಒಂದನ್ನೊಂದು ದೂಡಿ ಹೊರಗ ಬರ್ತಾವ. ಗೇರ್ ಹೊಸಾದು ಹಾಕಿದ್ರೂ ಅಷ್ಟ ಮತ್ತ.

ಶಾಫ್ಟ್ ತರ್ರಿ, ಕಿಕ್ಕರ್ ಶಾಫ್ಟೂ ತರ್ರಿ. ಗನ್‌ಮೆಟಲ್ ನಡಿತೈತಿ, ಫಾಸ್ಫರ್ ಬ್ರಾಂಜ್ ಸಿಕ್ರ ಇನ್ನೂ ಛಲೋ. ಹಿತ್ತಾಳಿ ಮಾತ್ರ ಬ್ಯಾಡ. ಬುಷ್ ಒತ್ತಿ ಕೂಡ್ರಿಸಿದ ಮ್ಯಾಲೆ ಒಳಗಿನ ತೂತು ಸಣ್ಣದಾಗತೈತಿ, ಅದಕ್ಕ ಕೂಡ್ರಿಸಿದ ಮ್ಯಾಲೆ ತೂತು ಅಳತಿಗೆ ತರೂ ರೀಮರ್ ಹಾಕಿಸ್ರಿ. ಮನ್ಯಾಗ ಎಮರಿ ಪೇಪರ್ ಸುತ್ತಿ ತಿಕ್ಕಬ್ಯಾಡ್ರಿ. ತೂತು ದುಂಡಗ ಉಳಿಯಂಗಿಲ್ಲ, ಎಮರಿ ಪುಡಿ ಬುಷ್‌ನ್ಯಾಗ ಹೊಕ್ಕೊಂಡು ಶಾಫ್ಟನ್ನ ತಿಂತೈತಿ. ಎಣ್ಣಿ ಹರಿಯಾಕ ಒಂದು ಗೀರು ಹೊಡಿಸೂದು ಮರೀಬ್ಯಾಡ್ರಿ.

ಬೆಂಗಳೂರಿನಿಂದ

ಗ್ರೀಸಾ, ಎಣ್ಣೆಯಾ ಅನ್ನೋದನ್ನ ಯಾರೂ ಎತ್ತಲಿಲ್ಲ, ಆಶ್ಚರ್ಯ! ಸೋರುತ್ತೆ ಅಂತ ಬಾಕ್ಸ್ ತುಂಬಾ ಗಟ್ಟಿ ಗ್ರೀಸ್ ತುಂಬುವವರು ಇದ್ದಾರೆ. ಗೇರು ಗ್ರೀಸಿನಲ್ಲಿ ತನಗೆ ಬೇಕಾದಷ್ಟು ಸುರಂಗ ಕೊರೆದುಕೊಂಡು ಒಣಗಿಯೇ ತಿರುಗುತ್ತೆ, ಬುಷ್ಷಿನವರೆಗೆ ಗ್ರೀಸ್ ಹೋಗುವುದೇ ಇಲ್ಲ. ನಾನು ಹಾಕುವುದು ಇಪಿ 90 ಅನ್ನೋ ಗೇರ್ ಎಣ್ಣೆ, ಡಬ್ಬದ ಮೇಲೆ ಜಿಎಲ್ 4 ಅನ್ನೋ ದರ್ಜೆ ನೋಡಿ. ಜಿಎಲ್ 5ರಲ್ಲಿ ಕೆಲವು ಎಣ್ಣೆಗಳ ರಾಸಾಯನಿಕ ತಾಮ್ರ ಬೆರೆತ ಲೋಹಕ್ಕೆ ಆಗಿಬರುವುದಿಲ್ಲ, ನಿಮ್ಮ ಬುಷ್ ಅದೇ ಲೋಹ.

ಗುಜರಿಯಲ್ಲಿ ಹಳೇ ಗೇರ್ ಹುಡುಕುವುದಾದರೆ ಒಂಟಿ ಗೇರ್ ತರಬೇಡಿ. ಒಂದಕ್ಕೊಂದು ಸಿಕ್ಕಿಕೊಳ್ಳುವ ಎರಡನ್ನೂ ತನ್ನಿ. ಹೊಸ ಡಾಗು ಸವೆದ ಡಾಗಿನ ಜೊತೆ ಸಂಸಾರ ಮಾಡುವುದಿಲ್ಲ.

ವಾಷರ್ ವಿಷಯ: ಶಾಫ್ಟಿನಿಂದ ಬಂದ ಕ್ರಮದಲ್ಲೇ ಗೇರು, ವಾಷರು ಎಲ್ಲವನ್ನೂ ಒಂದು ಬೈಂಡಿಂಗ್ ವೈರಿಗೆ ಹೂ ಪೋಣಿಸಿದ ಹಾಗೆ ಪೋಣಿಸಿಡಿ. ಫೋಟೋದಲ್ಲಿ ತೆಳು ವಾಷರ್ ಕಾಣುವುದಿಲ್ಲ. ಗೇರಿನ ಬೆನ್ನಿಗೆ ಅಂಟಿಕೊಂಡೇ ಬರುತ್ತೆ, ಡೀಸೆಲಲ್ಲಿ ತೊಳೆಯುವಾಗ ಬಕೆಟ್ ತಳ ಸೇರುತ್ತೆ.

ತಿಪಟೂರಿನಿಂದ, ಐದು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಆದದ್ದು ಬರೀತೀನಿ.

ಕ್ಲಚ್ ಕೇಬಲ್ ಸರಿ ಮಾಡಿದೆ, ಏನೂ ವ್ಯತ್ಯಾಸ ಇಲ್ಲ. ರ‍್ಯಾಚೆಟ್ ಪ್ಲೇಟು ಸರಿಸಿದ್ದು ಮಾತ್ರ ಪವಾಡ: ಅಕ್ಕನ ಮಗ ಚಕ್ರ ತಿರುಗಿಸಿದ, ನಾನು ಬೆರಳಲ್ಲಿ ತಳ್ಳಿದೆ, ಸಕಲೇಶಪುರದವರು ಹೇಳಿದ 'ಕಟ್' ಕೇಳಿಸಿತು. ಮೂರನೇ ಪ್ರಯತ್ನಕ್ಕೆ ಫಾಲ್ಸ್ ನ್ಯೂಟ್ರಲ್ ಹೋಯಿತು. ಆದರೆ ಏರಲ್ಲಿ ಎರಡನೇ ಗೇರ್ ಬಿಡುವುದು ನಿಲ್ಲಲಿಲ್ಲ. ತಟ್ಟೆಯಲ್ಲಿ ಹಳದಿ ಪುಡಿ ಚಿನ್ನದ ಅಂಗಡಿ ಗುಡಿಸಿದ ಹಾಗಿತ್ತು. ಅಯಸ್ಕಾಂತಕ್ಕೆ ಬಂದದ್ದು ತೀರಾ ಕಮ್ಮಿ.

ಬಿಚ್ಚಿದೆ. ಕಿಕ್ಕರ್ ಶಾಫ್ಟಿನೊಳಗೆ ಲೇ ಶಾಫ್ಟ್ ತೂರಿಸಿ ಅಲ್ಲಾಡಿಸಿದರೆ ಕಣ್ಣಿಗೇ ಕಾಣುವಷ್ಟು ಆಟ. ಎರಡೂ ಬುಷ್ ಲೇಥಿನಲ್ಲಿ ಮಾಡಿಸಿದೆ, ಶಾಫ್ಟ್ ತಗೊಂಡೇ ಹೋಗಿದ್ದೆ. ಎರಡನೇ ಗೇರಿನ ಡಾಗ್ ಒಂದು ಕಡೆ ಸ್ವಲ್ಪ ಉರುಟಾಗಿತ್ತು, ಜೋಡಿಯನ್ನೇ ಬದಲಿಸಿದೆ. ಒಳಕವರಿನ ಬೇರಿಂಗ್ ಬರಲಿಲ್ಲ, ಸುತ್ತಿಗೆ ಎತ್ತಿದ್ದೆ. ಅಮ್ಮ ಬಚ್ಚಲ ಹಂಡೆಯಲ್ಲಿ ನೀರು ಕುದೀತಿದೆ, ಅದರಲ್ಲಿ ಹಾಕು ಅಂದರು. ಕಾಲು ಗಂಟೆ ಬಿಟ್ಟು ತೆಗೆದು ಮರದ ಹಲಗೆ ಮೇಲೆ ಕುಟ್ಟಿದರೆ ಬೇರಿಂಗ್ ತಾನೇ ಬಿತ್ತು. ಅಲ್ಯೂಮಿನಿಯಂ ಹಿಗ್ಗುತ್ತೆ ಅಂತ ಓದಿದ್ದೆ, ಹೊಳೆದದ್ದು ಅಮ್ಮನಿಗೆ.

ಜೋಡಿಸುವಾಗ ಒಂದು ತಪ್ಪು: ಕಿಕ್ಕರ್ ಸ್ಪ್ರಿಂಗ್ ಸುತ್ತಿ ಬಿಗಿ ಕೊಡದೆ ಹೊರಕವರ್ ಹಾಕಿದೆ. ಕಿಕ್ಕರ್ ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ. ಹೊಸ ಪ್ಯಾಕಿಂಗ್ ಹರಿದು ಮತ್ತೆ ಬಿಚ್ಚಬೇಕಾಯಿತು.

ನಿನ್ನೆ ಮಾವನನ್ನು ಹಿಂದೆ ಕೂರಿಸಿಕೊಂಡು ಏರು ಹತ್ತಿಸಿದೆ, ಎರಡನೇ ಗೇರಲ್ಲೇ, ಬಿಡಲಿಲ್ಲ. ಎಡಗಡೆ ಸೀಲ್ ಈ ಸಲ ಮುಟ್ಟಲಿಲ್ಲ, ಮೈಸೂರಿನವರು ಹೆದರಿಸಿದ್ದು ಕೆಲಸ ಮಾಡಿತು. ತೊಟ್ಟು ಇನ್ನೂ ಬೀಳ್ತಿದೆ, ಸದ್ಯಕ್ಕೆ ಕೆಳಗೆ ಒಂದು ರಟ್ಟು ಇಟ್ಟಿದ್ದೀನಿ.