ಪಟ್ಟು ಬಲ್ಲವನಾ, ಶಿಳ್ಳೆ ಹೊಡೆಸೋನಾ?

ಹಾಸನ_ರಿಂಗ್‌ಸೈಡ್:
ಗಣೇಶೋತ್ಸವಕ್ಕೆ ರಿಂಗ್ ಹಾಕಿಸಿ ಡಬ್ಲ್ಯುಡಬ್ಲ್ಯುಇ ಥರದ ಒಂದು ಪ್ರದರ್ಶನ ಪಂದ್ಯ ಇಡ್ತಿದ್ದೀವಿ, 12 ನಿಮಿಷ. ಇಬ್ಬರೂ ತರಬೇತಿ ಆದವರೇ. ಒಬ್ಬನಿಗೆ ಪಟ್ಟುಗಳೆಲ್ಲ ಕರಗತ, ಆದರೆ ಅವನು ಆಡುವಾಗ ಜನ ಮೊಬೈಲ್ ನೋಡ್ತಾರೆ. ಇನ್ನೊಬ್ಬನಿಗೆ ಬರೋದು ನಾಲ್ಕೇ, ಕೈ ಎತ್ತಿದ್ರೆ ಸಾಕು ಶಿಳ್ಳೆ. ಹೆಂಗೆ ಜೋಡಿಸೋದು?

ಅರಸೀಕೆರೆ_ಕಾರ್ನರ್:
ಪಟ್ಟಿನವನನ್ನ ಹೀಲ್ ಮಾಡಿ, ಅಂದ್ರೆ ಜನ ಬೈಯೋ ಖಳನಾಯಕ. ಪಂದ್ಯದ ಬಹುಪಾಲು ಹೊತ್ತು ಎದುರಾಳಿಯನ್ನ ಅದುಮಿಟ್ಟು ನಡೆಸೋನು ಹೀಲೇ, ಮುಂದಿನ ಪಟ್ಟು ಯಾವುದು ಅಂತ ಕಿವಿಯಲ್ಲಿ ಹೇಳೋನೂ ಸಾಮಾನ್ಯವಾಗಿ ಅವನೇ. ಮೊದಲ ಎರಡು ನಿಮಿಷ ಶಿಳ್ಳೆಯವನ ಮೇಲುಗೈ, ಆಮೇಲೆ ಹೀಲ್ ಮೋಸದಿಂದ ಮಂಡಿಗೆ ಒದ್ದು ಆರು ನಿಮಿಷ ಅದೇ ಮಂಡಿ ಹಿಡೀಲಿ. ಹತ್ತು ಥರದ ಪಟ್ಟು ಬೇಡ, ಹಿಂದಿನ ಸಾಲಿನವರಿಗೆ ಅದು ಕಾಣೋದೂ ಇಲ್ಲ. ಕುಂಟೋದು ಕಾಣುತ್ತೆ. ನಡುವೆ ಶಿಳ್ಳೆಯವನಿಂದ ಎರಡು ಸಲ ತಿರುಗಿ ಬೀಳೋ ಪ್ರಯತ್ನ, ಎರಡೂ ವಿಫಲ. ಕೊನೆಗೆ ಏಟು ಹಿಂತಿರುಗಿಸುವಾಗಲೂ ಕುಂಟ್ತಾನೇ ಇರಬೇಕು. ಮರೆತು ಓಡಿದ್ನೋ, ಅಷ್ಟೂ ನಿಮಿಷ ನೀರಲ್ಲಿ ಹೋಮ.

ಮಲ್ನಾಡ್_ಸ್ಲ್ಯಾಮ್ (ಚಿಕ್ಕಮಗಳೂರು):
ಇದೇ ಥರದ ಕುಸ್ತಿಯ ದೊಡ್ಡ ವಾರ್ಷಿಕ ಪ್ರದರ್ಶನ, 1987ರ ರೆಸಲ್‌ಮೇನಿಯಾ 3 ನೋಡಿ. ರ್‍ಯಾಂಡಿ ಸ್ಯಾವೇಜ್-ರಿಕಿ ಸ್ಟೀಮ್‌ಬೋಟ್ ಪಂದ್ಯ ಪಟ್ಟಿನ ಲೆಕ್ಕದಲ್ಲಿ ಬಹಳ ಮೇಲೆ. ಆದರೂ ಜನರ ಬಾಯಲ್ಲಿ ಉಳಿದಿದ್ದು ಹಲ್ಕ್ ಹೋಗನ್ ದೈತ್ಯ ಆಂಡ್ರೆಯನ್ನ ಎತ್ತಿ ಹಾಕಿದ್ದು. ಆಂಡ್ರೆಗೆ ಬೆನ್ನುನೋವು, ಆಟ ನಿಧಾನ. ಆದರೆ ಶುರುವಲ್ಲೇ ಹೋಗನ್ ಎತ್ತಲು ಹೋಗಿ ಕುಸಿದು ಬಿದ್ದಿದ್ದ, ಮೂರು ಎಣಿಸಿದ್ರೆ ಸೋಲು, ಎರಡರ ಎಣಿಕೆ ಆಗೇ ಹೋಗಿತ್ತು. ಕೊನೆಯಲ್ಲಿ ಎತ್ತಿದ್ದಕ್ಕೆ ತೂಕ ಬಂದಿದ್ದು ಆ ಸೋಲಿನಿಂದ. ಇದೂ ಕೌಶಲ್ಯವೇ ಸ್ವಾಮಿ, ಪಟ್ಟಿನ ಪಟ್ಟಿಯಲ್ಲಿ ಇರಲ್ಲ ಅಷ್ಟೆ.

ಗರಡಿ_ಹುಡುಗ:
ಎಲ್ಲಾ ಸರಿ, ಆದರೆ ಶಿಳ್ಳೆಯವನಿಗೆ ಬೀಳೋದು ಬರುತ್ತಾ ಮೊದಲು ನೋಡಿ. ಗದ್ದ ಎದೆಗೆ ಒತ್ತಿರಬೇಕು, ಬೆನ್ನಿನ ಮೇಲ್ಭಾಗ ಅಗಲವಾಗಿ ಒಂದೇ ಸಲ ತಾಗಬೇಕು, ಅಂಗೈ ಚಾಪೆಗೆ ಬಡೀಬೇಕು, ಉಸಿರು ಹೊರಗೆ. ಮೊಣಕೈ ಊರಿದ್ರೆ ಮೂಳೆ ಹೋಯ್ತು, ತಲೆ ಹಿಂದಕ್ಕೆ ವಾಲಿದ್ರೆ ಕುತ್ತಿಗೆ. ರಿಂಗಿನ ಹಲಗೆ ಸ್ವಲ್ಪ ಬಾಗಿ ಏಟು ನುಂಗುತ್ತೆ. ಸಿಮೆಂಟ್ ಕಟ್ಟೆ ಮೇಲೆ ಜಮಖಾನ ಹಾಸಿ ಆಡಿಸೋ ಯೋಚನೆ ಬೇಡ.

ಇನ್ನೊಂದು. ನಮ್ಮ ಕಡೆಯವರ ಕಣ್ಣು ನಾಡಕುಸ್ತಿಯದು. ಬೆನ್ನು ತಾಗಿದ್ರೆ ಚಿತ್, ಕಥೆ ಮುಗೀತು ಅಂತ ಮೊದಲ ಸಲ ಎತ್ತಿ ಹಾಕಿದ್ದಕ್ಕೇ ಎದ್ದು ಹೊರಡ್ತಾರೆ. ಎರಡೂ ಭುಜ ಒತ್ತಿ ಮೂರು ಎಣಿಸಬೇಕು ಅಂತ ಮೈಕಲ್ಲಿ ಮೊದಲೇ ಹೇಳಿ.

ಹಾಸನ_ರಿಂಗ್‌ಸೈಡ್:
ಮೈಕ್ ಶಿಳ್ಳೆಯವನಿಗೆ ಕೊಡ್ಲಾ?

ಅರಸೀಕೆರೆ_ಕಾರ್ನರ್:
ಬೇಡ, ಹೀಲ್‌ಗೆ, ಅರ್ಧ ನಿಮಿಷ. ಚಿಕ್ಕಮಗಳೂರಿನವನು ಅಂತ ಪರಿಚಯಿಸಿ, ಹಾಸನದವರಿಗೆ ಕಾಫಿ ಕುಡಿಯೋಕೂ ಬರಲ್ಲ ಅನ್ನಲಿ. ಮಿಕ್ಕಿದ್ದು ಜನ ನೋಡ್ಕೋತಾರೆ.