ಹೊಲದ ಗೆರೆಕಲ್ಲು: ಗ್ರೂಪಿನ ಭೂವಿಜ್ಞಾನಿಗೆ ಕೇಳಿದ್ದು

ಸಿಂದಗಿಯವರು: ಸರ್, ಬಾವಿ ತೋಡುವಾಗ ಸಿಕ್ಕ ಗುಂಡು ಕಲ್ಲು. ಒಡೆದರೆ ಒಳಗೆ ಉಳ್ಳಾಗಡ್ಡಿ ಸುತ್ತಿನ ಹಾಗೆ ಬೂದು, ಬಿಳಿ ಗೆರೆ. ಅಗೇಟಾ?

ಭೂವಿಜ್ಞಾನಿ: ಹೌದು, ಫೋಟೊ ನೋಡಿದರೆ ಅದೇ. ನಿಮ್ಮ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಆರುವಾಗ ಗಾಳಿಗುಳ್ಳೆ ಉಳಿದವು. ಸಿಲಿಕಾ (ಬೆಣಚುಕಲ್ಲಿನ ಅಂಶ) ಕರಗಿದ ನೀರು ಅದರೊಳಗೆ ಇಳಿದು ಪದರ ಪದರವಾಗಿ ಕೂತಿತು. ನಾವು ಬರೆಯುವುದು ಹೀಗೆ: ಮೇಣದ ಹೊಳಪು, ತೆಳು ಅಂಚಿನಲ್ಲಿ ಮಂಕಾಗಿ ಬೆಳಕು ದಾಟುತ್ತದೆ, ಒಡೆದ ಮೈ ಚಿಪ್ಪಿನ ಹಾಗೆ ಬಾಗಿರುತ್ತದೆ, 1ರಿಂದ 10ರ ಮೋಸ್ ಅಳತೆಯಲ್ಲಿ ಗಡಸುತನ 6.5ರಿಂದ 7. ಬಣ್ಣ ನಂಬಬೇಡಿ.

ಇಂಡಿಯವರು: ರೇಟ್ ಎಷ್ಟು ಸರ್?

ಭೂವಿಜ್ಞಾನಿ: ಬೆಲೆ ಹೇಳುವುದಿಲ್ಲ.

ಮುದ್ದೇಬಿಹಾಳದವರು: ನನ್ನ ಕಲ್ಲಿನೊಳಗೆ ಬಿಳಿ ಸೂಜಿಗಳ ಗೊಂಚಲು ಇದೆ. ಏನದು?

ಬಾದಾಮಿಯವರು: ನಮ್ಮ ಕೆಂಪು ಕಲ್ಲಿಗೂ ಗೆರೆ ಇದೆ.

ಭೂವಿಜ್ಞಾನಿ: ಮರಳುಗಲ್ಲು. ಉಜ್ಜಿ ನೋಡಿ, ಕಾಳು ಕೈಗೆ ತಾಗುತ್ತವೆ.

ತಾಳಿಕೋಟೆಯವರು: ಅಗೇಟ್ ಅಂದ್ರೆ ಗೋಮೇದನೇ. ನಮ್ಮ ಜ್ಯೋತಿಷಿಗಳು ಹೇಳಿದ್ದಾರೆ.

ಬಾಗಲಕೋಟೆಯವರು: ಉಂಗುರಕ್ಕೆ ಹಾಕುವ ಗೋಮೇದ ಗಾರ್ನೆಟ್ ಜಾತಿ ರೀ. ಇದು ಬೆಣಚುಕಲ್ಲಿನ ಬಳಗ.

ತಾಳಿಕೋಟೆಯವರು: ನೀವು ಯಾವ ಕಾಲೇಜಿನ ಪ್ರೊಫೆಸರ್?

ಗೋಕಾಕದವರು: ಸರ್, ನಾನು ಇಂಥ ಕಲ್ಲನ್ನು ಅಂಗಳದಲ್ಲೇ ಗ್ರೈಂಡರ್‌ನಿಂದ ಕೊಯ್ದು ಪದಕ ಮಾಡುತ್ತೇನೆ. ಹುಡುಗರು ಸುತ್ತ ಕೂತು ನೋಡುತ್ತಾರೆ. ಧೂಳು ಹಿಟ್ಟಿನ ಹಾಗೆ ಏಳುತ್ತದೆ. ಯಾವ ಬ್ಲೇಡ್ ಒಳ್ಳೆಯದು?

ಭೂವಿಜ್ಞಾನಿ: ಬ್ಲೇಡ್ ಮಾತು ಆಮೇಲೆ. ಇವತ್ತೇ ನಿಲ್ಲಿಸಿ. ಕಣ್ಣಿಗೆ ಕಾಣುವ ಹಿಟ್ಟಿಗಿಂತ ಕಾಣದ ಪುಡಿ ಕೆಟ್ಟದ್ದು. ಅದು ಶ್ವಾಸಕೋಶದ ತಳಕ್ಕೆ ಹೋಗಿ ಅಲ್ಲೇ ಕೂರುತ್ತದೆ, ಗಾಯ ಮಾಡುತ್ತದೆ. ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ, ಟಿಬಿ ಅಂಟುವ ಸಾಧ್ಯತೆಯೂ ಜಾಸ್ತಿ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಉಜ್ಜುವವರು ಇದರಿಂದಲೇ ನರಳಿದ್ದಾರೆ. ಟವೆಲ್ ಕಟ್ಟಿಕೊಂಡರೆ ಸಾಲದು. ಎಷ್ಟು ದಿನದಿಂದ ಮಾಡುತ್ತಿದ್ದೀರಿ? ಕೆಮ್ಮು ಇದೆಯಾ?

ಗೋಕಾಕದವರು: ಎರಡು ವರ್ಷ. ಕೆಮ್ಮು ಸ್ವಲ್ಪ, ತಂಪಿಗೆ ಇರಬೇಕು.

ಭೂವಿಜ್ಞಾನಿ: ತಂಪು ಅಂತ ನೀವೇ ತೀರ್ಮಾನಿಸಬೇಡಿ. ಶ್ವಾಸಕೋಶದ ಡಾಕ್ಟರಿಗೆ ತೋರಿಸಿ, ಕಲ್ಲು ಕೊಯ್ಯುವ ಕೆಲಸ ಅಂತ ಬಾಯಿಬಿಟ್ಟು ಹೇಳಿ.

ಜಮಖಂಡಿಯವರು: ಫಾರ್ವರ್ಡ್ ಬಂದಿದೆ: ಹಕೀಕ್ (ಅಗೇಟ್) ಪುಡಿ ಜೇನಿನಲ್ಲಿ ತಿಂದರೆ ಕಿಡ್ನಿ ಕಲ್ಲು ಕರಗುತ್ತದಂತೆ.

ಭೂವಿಜ್ಞಾನಿ: ಕಲ್ಲು ಕರಗಿಸಲು ಕಲ್ಲು ತಿನ್ನುವುದಾ? ಈಗಷ್ಟೇ ಪುಡಿಯ ಬಗ್ಗೆ ಏನು ಬರೆದೆ? ಓದದೆ ತಂದು ಹಾಕಬೇಡಿ.

ಜಮಖಂಡಿಯವರು: ಸುಮ್ನೆ ಕೇಳಿದೆ, ಬೈಯುವುದು ಯಾಕೆ?

ತಾಳಿಕೋಟೆಯವರು: ಕಲಿತವರಿಗೆ ನಮ್ಮ ಹಿರಿಯರ ಔಷಧಿ ಅಂದ್ರೆ ತಾತ್ಸಾರ.

ಬಾಗಲಕೋಟೆಯವರು: ಹಿರಿಯರು ವಾಟ್ಸಾಪ್‌ನಲ್ಲಿ ಕಳಿಸಿದ್ರಾ?

ಗೋಕಾಕದವರು: ನೀರು ಸುರಿಯುತ್ತ ಕೊಯ್ದರೆ ನಡೆಯುತ್ತಾ ಸರ್?

ಭೂವಿಜ್ಞಾನಿ: ಕೈಯಲ್ಲಿ ಹಿಡಿಯುವ ಕರೆಂಟಿನ ಗ್ರೈಂಡರ್ ಮೇಲೆ ನೀರು ಸುರಿಯಲೇಬೇಡಿ, ಶಾಕ್ ಹೊಡೆಯುತ್ತದೆ. ನೀರಿನಲ್ಲೇ ಕೊಯ್ಯುವ ಬೇರೆ ಯಂತ್ರವಿದೆ. ಧೂಳು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕೆಸರು ಒಣಗಿದರೆ ಮತ್ತೆ ಅದೇ ಧೂಳು. ಮೊದಲು ಡಾಕ್ಟರ್. ಮಕ್ಕಳನ್ನು ದೂರ ಇಡಿ.

ಇಂಡಿಯವರು: ಅಂದಾಜು ಕೆಜಿಗೆ?

ಭೂವಿಜ್ಞಾನಿ: ಮೇಲೆ ಓದಿ.

ಮುದ್ದೇಬಿಹಾಳದವರು: ನನ್ನ ಸೂಜಿ ಕಲ್ಲನ್ನು ಯಾರೂ ನೋಡಲಿಲ್ಲ.