ಸಹಾಯ ಬೇಕು: ದೊಡ್ಡಪ್ಪನಿಗೆ ಜೊಲ್ಲು ಗ್ರಂಥಿ ಕ್ಯಾನ್ಸರ್, ರೇಡಿಯೇಷನ್ ಬೇಕಾ?

ನಮಸ್ಕಾರ. ನಮ್ಮೂರು ಬೇಲೂರಿನ ಹತ್ತಿರ. ದೊಡ್ಡಪ್ಪನಿಗೆ ಕಿವಿ ಕೆಳಗೆ ಗಂಟಿತ್ತು, ನೋವಿರಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ಬಯಾಪ್ಸಿಯಲ್ಲಿ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಅಂತ ಬಂದಿದೆ. ಜೊಲ್ಲು ಗ್ರಂಥಿಯ ಅಪರೂಪದ ಕ್ಯಾನ್ಸರ್ ಅಂತೆ. (ಅವರು ಎಲೆ ಅಡಿಕೆ, ಬೀಡಿ ಮುಟ್ಟಿದವರಲ್ಲ. ಆ ಮಾತು ದಯವಿಟ್ಟು ಬೇಡ.)

ಗಡ್ಡೆ 3 ಸೆಂ.ಮೀ., ಕುತ್ತಿಗೆಯ ಗಂಟುಗಳಿಗೆ (ಲಿಂಫ್ ನೋಡ್) ಹರಡಿಲ್ಲ, ಕ್ರಿಬ್ರಿಫಾರ್ಮ್ ಮಾದರಿ (ಸೂಕ್ಷ್ಮದರ್ಶಕದಲ್ಲಿ ಜರಡಿಯ ಹಾಗೆ ತೂತು ತೂತಾಗಿ ಕಾಣುವುದು). ಇದೆಲ್ಲ ಒಳ್ಳೆಯದೇ, ಸಾಲಿಡ್ ಮಾದರಿ (ತೂತಿಲ್ಲದೆ ಗಟ್ಟಿಯಾಗಿ ತುಂಬಿರುವುದು) ಆಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರ್. ಆದರೆ ರಿಪೋರ್ಟಿನ ಕೊನೆಯಲ್ಲಿ 'ಪೆರಿನ್ಯೂರಲ್ ಇನ್ವೇಷನ್ ಇದೆ' ಎಂದು ಬರೆದಿದೆ, ಅಂದರೆ ನರದ ಗುಂಟ ಹೋಗಿದೆ. ಕತ್ತರಿಸಿ ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದೆ ಕ್ಲಿಯರ್ ಇರುವುದೂ ಬರೀ 1 ಮಿ.ಮೀ. ಅದಕ್ಕೇ ರೇಡಿಯೇಷನ್ ಬೇಕು ಅಂತಾರೆ. ಹಾಸನದಲ್ಲಿ ಇನ್ನೊಬ್ಬರಿಗೆ ತೋರಿಸಿದೆವು, ಅವರೂ ಅದನ್ನೇ ಹೇಳಿದರು.

ಗೊಂದಲ ಇಲ್ಲಿದೆ. ಈ ಕಾಯಿಲೆ 10 ವರ್ಷ ಕಳೆದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದಂತೆ. ರೇಡಿಯೇಷನ್ ಅದನ್ನು ತಡೆಯಲ್ಲ, ಆಪರೇಷನ್ ಆದ ಜಾಗದಲ್ಲಿ ಮತ್ತೆ ಬರದಂತೆ ನೋಡಿಕೊಳ್ಳುತ್ತೆ ಅಷ್ಟೇ ಅಂದರು. ಅದನ್ನು ಕೇಳಿ ದೊಡ್ಡಪ್ಪ 'ಹಾಗಾದ್ರೆ ಸುಮ್ನೆ ಯಾಕೆ ಸುಡಿಸ್ಕೊಳ್ಳೋದು' ಅಂತ ಹಟ ಹಿಡಿದು ಕೂತಿದ್ದಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೇ ನರಕ್ಕೆ ಹೋಗಿ, ಗಂಟುಗಳಿಗೆ ಹರಡದೆ ಇದ್ದರೆ ಹೇಳಿ: ರೇಡಿಯೇಷನ್ ತೆಗೆದುಕೊಂಡರಾ? ಎದೆಯ ಸ್ಕ್ಯಾನ್ ಎಷ್ಟು ವರ್ಷದವರೆಗೆ ಮಾಡಿಸುತ್ತಿದ್ದೀರಿ?